ಅಲಿಪುರಕ್ಕೆ ಬರುವ ಕನ್ನಡದ ಹೊಸ ಪುಸ್ತಕಗಳು: ಬೇಸಿಗೆ ರಜೆಗೊಂದು ಸೂಚನೆ

ಬೇಸಿಗೆ ಬಂದಿತೆಂದರೆ ಕೋಲ್ಕತಾದ ಕನ್ನಡ ಕುಟುಂಬಗಳಲ್ಲಿ ಎರಡು ಪಂಗಡಗಳಾಗುತ್ತವೆ. ರಜೆ ಮಂಜೂರಾದವರು ಹೌರಾದಲ್ಲಿ ರೈಲು ಹತ್ತಿ ಊರಿಗೆ ತೆರಳುತ್ತಾರೆ. ಆಗದವರು ಇಲ್ಲಿಯೇ ಉಳಿದು, ಬೆವರು ಒರೆಸಿಕೊಳ್ಳುತ್ತಾ, ಕಾಲಬೈಶಾಖಿಯ ಒಂದು ಸಂಜೆಯ ಮಳೆಗಾಗಿ ಕಾಯುತ್ತಾರೆ. ಊರಿಗೆ ಹೋಗುವವರ ಕೈಯಲ್ಲಿ ಉಳಿದವರು ಒಂದು ಪಟ್ಟಿ ಕೊಡುವುದು ನಮ್ಮಲ್ಲಿ ವಾಡಿಕೆ: ಸಾರಿನ ಪುಡಿ, ಉಪ್ಪಿನಕಾಯಿಗೆ ಮಿಡಿ ಮಾವು, ಎರಡು ಮೂರು ಕನ್ನಡ ಪುಸ್ತಕ. ಸಾರಿನ ಪುಡಿ ತಪ್ಪದೆ ಬರುತ್ತದೆ. ಪುಸ್ತಕಗಳು ಮಾತ್ರ 'ಸಾಮಾನು ಹೆಚ್ಚಾಯಿತು' ಎಂಬ ಕಾರಣದಿಂದ ಅಲ್ಲಿಯೇ ಉಳಿಯುತ್ತವೆ. ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿ ಸಿಗುವಂತೆ ಕನ್ನಡ ಪುಸ್ತಕ ಸಿಗುವುದಿಲ್ಲ ಎಂಬ ನಮ್ಮ ದೂರು ಹಳೆಯದು.

ಆ ದೂರಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ನಾವು ತರಿಸಬೇಕೆಂದಿದ್ದ ಪುಸ್ತಕ ಅನೇಕ ವೇಳೆ ನಮಗಿಂತ ಮೊದಲೇ ಈ ನಗರಕ್ಕೆ ಬಂದಿರುತ್ತದೆ, ಅದೂ ಕಾನೂನಿನ ಪ್ರಕಾರ. 1954ರ ಪುಸ್ತಕ ವಿತರಣಾ ಕಾಯಿದೆಯು ಭಾರತದಲ್ಲಿ ಪುಸ್ತಕ ಪ್ರಕಟಿಸುವ ಪ್ರತಿಯೊಬ್ಬರೂ, ಪ್ರಕಟವಾದ 30 ದಿನಗಳೊಳಗೆ, ಸ್ವಂತ ಖರ್ಚಿನಲ್ಲಿ ಒಂದು ಪ್ರತಿಯನ್ನು ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ತಲುಪಿಸಬೇಕೆಂದು ವಿಧಿಸಿದೆ. ಇನ್ನು ಮೂರು ಗ್ರಂಥಾಲಯಗಳಿಗೂ, ಅಂದರೆ ಚೆನ್ನೈ, ಮುಂಬಯಿ ಮತ್ತು ದೆಹಲಿಗಳಿಗೂ, ಒಂದೊಂದು ಪ್ರತಿ ಸಲ್ಲಬೇಕು. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಉಳಿದ ಮೂರಕ್ಕೆ ಮಾರಾಟದ ಸಾಮಾನ್ಯ ಕಾಗದದ ಪ್ರತಿ ಸಾಕು. ಕೋಲ್ಕತಾಕ್ಕೆ ಕಳುಹಿಸುವ ಪ್ರತಿಯಾದರೋ ಆ ಪುಸ್ತಕ ಮುದ್ರಣವಾದ ಅತ್ಯುತ್ತಮ ಕಾಗದದ ಮೇಲೆ, ನಕ್ಷೆ ಚಿತ್ರಗಳೆಲ್ಲ ಪೂರ್ಣವಾಗಿ, ಹೊಲಿದು ಕಟ್ಟಿದ ಸ್ಥಿತಿಯಲ್ಲಿರಬೇಕು. ಧಾರವಾಡದಲ್ಲಾಗಲಿ ಮೈಸೂರಿನಲ್ಲಾಗಲಿ ಅಚ್ಚಾದ ಪುಸ್ತಕದ ಒಳ್ಳೆಯ ಪ್ರತಿ ಕಾನೂನಿನ ಕಣ್ಣಿನಲ್ಲಿ ನಮ್ಮ ಊರಿಗೆ ಸೇರಿದ್ದು! 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಈ ಕಾಯಿದೆಯೊಳಗೆ ಬಂದವು. ಬದಲಾವಣೆಯಿಲ್ಲದ ಮರುಮುದ್ರಣಗಳಿಗೆ ವಿನಾಯಿತಿ ಇದೆ.

ಹಾಗಾದರೆ ಎಲ್ಲ ಕನ್ನಡ ಪುಸ್ತಕಗಳೂ ಇಲ್ಲಿಗೆ ಬಂದಿವೆಯೇ ಎಂದು ಓದುಗರು ಕೇಳಬಹುದು. ಇಲ್ಲ. ತಪ್ಪಿದ ಪ್ರಕಾಶಕರಿಗೆ ಮೂಲ ಕಾಯಿದೆ ವಿಧಿಸಿದ್ದು 50 ರೂಪಾಯಿಯವರೆಗಿನ ದಂಡ ಮತ್ತು ಪುಸ್ತಕದ ಬೆಲೆ. ಬ್ಯಾಂಕಿನಲ್ಲಿ ದುಡಿದು ತಲೆ ನರೆತ ನಮಗೆ ಇಂತಹ ಮೊತ್ತದ ಗತಿ ಏನೆಂದು ಚೆನ್ನಾಗಿ ಗೊತ್ತು: ವಸೂಲಿಗೆ ಹಚ್ಚುವ ಅಂಚೆಚೀಟಿಯೇ ಅದಕ್ಕಿಂತ ದುಬಾರಿ. ಹೀಗಾಗಿ ಕಾಯಿದೆ ನಿಂತಿರುವುದು ಭಯದ ಮೇಲಲ್ಲ, ಪ್ರಕಾಶಕರ ಸೌಜನ್ಯದ ಮೇಲೆ. ದೊಡ್ಡ ಪ್ರಕಾಶನಗಳು ನೆನಪಿಟ್ಟುಕೊಂಡಾವು. ಸ್ವಂತ ಹಣದಿಂದ ಕವನ ಸಂಕಲನ ಅಚ್ಚು ಹಾಕಿಸುವವರು ಮರೆಯುತ್ತಾರೆ, ಅಥವಾ ಇಂತಹದೊಂದು ನಿಯಮವಿದೆಯೆಂದೇ ಅರಿಯರು. ನಮ್ಮ ಸಂಘದ ಸದಸ್ಯರಲ್ಲಿಯೂ ಪುಸ್ತಕ ಪ್ರಕಟಿಸಿದವರಿದ್ದಾರೆ. ಅವರು ಬಸ್ಸಿನಲ್ಲಿ ಹೋಗಿ ಕೊಟ್ಟು ಬರಬಹುದಾದಷ್ಟು ಹತ್ತಿರದಲ್ಲಿದೆ ಆ ಗ್ರಂಥಾಲಯ.

ಅಲಿಪುರದ ಮೃಗಾಲಯಕ್ಕೆ ಮಕ್ಕಳನ್ನು ಕರೆದೊಯ್ದವರೆಲ್ಲರೂ ಬೆಲ್ವೆಡಿಯರ್ ಆವರಣದ ಮುಂದೆ ಹಾದುಹೋಗಿದ್ದಾರೆ. ಒಳಗೆ ಹೋದವರು ಕಡಿಮೆ. 1836ರ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯ, 1903ರಲ್ಲಿ ಕರ್ಜನ್ ಮೆಟ್ಕಾಫ್ ಹಾಲಿನಲ್ಲಿ ತೆರೆದ ಇಂಪೀರಿಯಲ್ ಲೈಬ್ರರಿ, ಇವೆರಡರ ಮುಂದುವರಿಕೆ ಇದು. 1948ರಲ್ಲಿ ರಾಷ್ಟ್ರೀಯ ಗ್ರಂಥಾಲಯವೆಂದು ಹೆಸರು ಬದಲಾಯಿತು. ಹಿಂದೆ ಬಂಗಾಳದ ಲೆಫ್ಟಿನೆಂಟ್ ಗವರ್ನರುಗಳು ವಾಸವಾಗಿದ್ದ ಬೆಲ್ವೆಡಿಯರ್ ಮಹಲಿನಲ್ಲಿ ಇದನ್ನು ಸಾರ್ವಜನಿಕರಿಗಾಗಿ 1953ರ ಫೆಬ್ರವರಿ 1ರಂದು ತೆರೆದವರು ಮೌಲಾನಾ ಆಜಾದರು. ಇಂದು ಓದುಗರು ಹೋಗಬೇಕಾದದ್ದು ಅದೇ ಆವರಣದ ಹೊಸ ಕಟ್ಟಡವಾದ ಭಾಷಾ ಭವನಕ್ಕೆ.

ಸ್ವತಂತ್ರ ಭಾರತದಲ್ಲಿ ಈ ಸಂಸ್ಥೆಯ ಮೊದಲ ಗ್ರಂಥಪಾಲರಾಗಿದ್ದವರು ಬಿ. ಎಸ್. ಕೇಶವನ್, ಎಂದರೆ ಬಳ್ಳಾರಿ ಶಾಮಣ್ಣ ಕೇಶವನ್. ಮೈಸೂರಿನಲ್ಲಿ ಅಧ್ಯಾಪಕರಾಗಿದ್ದು ಇಲ್ಲಿಗೆ ಬಂದವರು. ಕಾಯಿದೆಯ ಪ್ರಕಾರ ಬಂದ ಪುಸ್ತಕಗಳನ್ನೆಲ್ಲ ಭಾಷಾಭೇದವಿಲ್ಲದೆ ಒಂದೇ ಪಟ್ಟಿಯಲ್ಲಿ ದಾಖಲಿಸುವ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಅವರ ಮುಂದಾಳುತನದಲ್ಲಿ 1958ರಲ್ಲಿ ಹೊರಬಂದಿತು. ಕನ್ನಡದ ಹೆಸರುಗಳೂ ಅದರಲ್ಲಿ ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ ಗೆರೆಗಳೊಡನೆ ಮುದ್ರಿತವಾದವು. ಮೊದಲ ಸಲ ನೋಡಿದಾಗ ನಮಗೆ ನಮ್ಮದೇ ಭಾಷೆ ಅಪರಿಚಿತವಾಗಿ ಕಂಡಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಗ್ರಂಥಾಲಯದಲ್ಲಿ ಕನ್ನಡಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೆ ಪುಸ್ತಕದಂಗಡಿಯಲ್ಲಿ ಮಾಡುವಂತೆ ಕಪಾಟಿನ ಮುಂದೆ ನಿಂತು ಒಂದೊಂದನ್ನೇ ತೆಗೆದು ನೋಡುವ ಸುಖ ಇಲ್ಲಿ ನಿರೀಕ್ಷಿಸಬಾರದು. ಪುಸ್ತಕಗಳು ಒಳಗಿನ ಉಗ್ರಾಣದಲ್ಲಿರುತ್ತವೆ. ಹೆಸರು, ಲೇಖಕರು ಗೊತ್ತಿದ್ದು, ಸೂಚಿಯಲ್ಲಿ ಹುಡುಕಿ, ಚೀಟಿ ಬರೆದು ಕೊಟ್ಟು, ಕಾದು ಪಡೆಯಬೇಕು. ಕಾಯಿದೆಯಡಿ ಬಂದ ಪ್ರತಿ ಕಾಪಿಡುವುದಕ್ಕಾಗಿ ಬಂದದ್ದು. ಅಲ್ಲಿಯೇ ಕುಳಿತು ಓದುವ ಸಿದ್ಧತೆಯಿಂದಲೇ ಹೊರಡುವುದು ಒಳಿತು. ಇನ್ನೊಂದು ಮಾತು: 1954ಕ್ಕೆ ಹಿಂದಿನ ಪುಸ್ತಕಗಳಿಗೆ ಈ ಕಾಯಿದೆ ಅನ್ವಯಿಸದು. ಬಂಕಿಮಚಂದ್ರರನ್ನು 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ಹಳೆಯ ಮುದ್ರಣಗಳಂತಹವು ಇದ್ದರೆ ಅದೃಷ್ಟ.

ಈಗ ನಮ್ಮ ಮನಸ್ಸಿನಲ್ಲಿರುವ ನಿಜವಾದ ವಿಷಯಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಮ್ಮಲ್ಲಿ ಎಲ್ಲರಿಗೂ ಹೆಮ್ಮೆಯಾಯಿತು. ಕಛೇರಿಯ ಬಂಗಾಳಿ ಮಿತ್ರರು ನಮ್ಮ ಕೈಕುಲುಕಿದರು, ನಾವೇ ಬರೆದೆವೋ ಎಂಬಂತೆ. ಕಾಲೇಜಿಗೆ ಹೋಗುವ ನಮ್ಮ ಮನೆಯ ಮಗಳು ಒಂದೇ ವಾರದಲ್ಲಿ ಓದಿ ಮುಗಿಸಿದಳು. ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ. ಅನುವಾದ ಬಹಳ ಚೆನ್ನಾಗಿದೆ, ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಮನೆಯಲ್ಲಿ ದಿನವೂ ಕನ್ನಡವನ್ನೇ ಆಡುವ ಹುಡುಗಿ ಕನ್ನಡದ ಕಥೆಯನ್ನು ಲಂಡನ್ನಿನ ಸುತ್ತು ಹಾಕಿಸಿ ಓದಬೇಕಾಯಿತಲ್ಲ ಎಂಬ ಕಸಿವಿಸಿ ನಮಗೆ ಉಳಿಯಿತು. ಅವಳಿಗೆ ಲಿಪಿ ಬಾರದು. ಕಲಿಸಬೇಕಾದವರು ನಾವೇ, ವರ್ಗಾವಣೆ, ಪರೀಕ್ಷೆ, ಮುಂದಿನ ವರ್ಷ ಎನ್ನುತ್ತಾ ಹದಿನೈದು ಬೇಸಿಗೆಗಳನ್ನು ಕಳೆದೆವು.

ಇಲ್ಲಿ ಬೆಳೆದ ಮಕ್ಕಳಿಗೆ ಈ ಕೆಲಸ ಅಷ್ಟು ಕಠಿಣವಲ್ಲ. ಶಾಲೆಯಲ್ಲಿ ಬಂಗಾಳಿ ಕಲಿತ ಮಗುವಿಗೆ ವರ್ಣಮಾಲೆಯ ಕ್ರಮ ಆಗಲೇ ಬಾಯಿಪಾಠ. ಕ ಖ ಗ ಘ ಅಲ್ಲಿಯೂ ಅದೇ. ತೊಡಕು ಬರುವುದು ಕೆಲವೆಡೆ ಮಾತ್ರ. ಬಂಗಾಳಿಯ ಎಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಕುಳಿತುಕೊಳ್ಳುತ್ತದೆ, ನಮ್ಮದು ತಲೆಗೆ ಅಂಟಿಕೊಳ್ಳುತ್ತದೆ. ಎ ಏ, ಒ ಓ ಎಂಬ ಹ್ರಸ್ವ ದೀರ್ಘ ಭೇದ ಅವರಲ್ಲಿಲ್ಲ. ಳಕಾರವೂ ಇಲ್ಲ. ಒತ್ತಕ್ಷರಗಳನ್ನು ನಾವು ಕೆಳಗೆ ಇಳಿಬಿಡುತ್ತೇವೆ, ಅವರು ಒಂದರೊಳಗೊಂದು ಹೆಣೆಯುತ್ತಾರೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ರಜೆ ಸಾಕು. ಕಳೆದ ಬೇಸಿಗೆಯಲ್ಲಿ ನಾವು ತಡವಾಗಿಯಾದರೂ ಆರಂಭಿಸಿದೆವು. ಮೂರನೆಯ ವಾರ ಅವಳು ಮೊದಲು ಸ್ವತಂತ್ರವಾಗಿ ಓದಿದ್ದು ಕಥೆಯನ್ನಲ್ಲ, ಉಪ್ಪಿನಕಾಯಿ ಡಬ್ಬಿಯ ಮೇಲೆ ಅಜ್ಜಿ ಅಂಟಿಸಿದ್ದ ಚೀಟಿಯನ್ನು.

ಊರಿನಲ್ಲಿ ಈ ಬಗೆಯ ಪ್ರಯತ್ನಕ್ಕೆ ಈಗ ಆಶ್ರಯವಿದೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದಾಗಿನಿಂದ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತಿದೆ. ಮೇ ತಿಂಗಳಲ್ಲಿ ಹಲವೆಡೆ ಬೇಸಿಗೆ ಶಿಬಿರಗಳೂ ನಡೆದಿವೆ. ಅಜ್ಜನ ಹಳ್ಳಿಗೆ ಹೋಗುವ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕಳುಹಿಸಿ ನೋಡಿ. ಬೆಂಗಳೂರಿಗೆ ಹೋಗುವವರಿಗೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಸಹಾಯ ನೀಡುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಕಛೇರಿ ಇರುವುದು ನಮ್ಮ ಸಾಲ್ಟ್ ಲೇಕಿನಲ್ಲಿ.

ಇಲ್ಲಿಯೇ ಉಳಿಯುವವರು ಅಲಿಪುರಕ್ಕೆ ಹೊರಡುವ ಮುನ್ನ ವೇಳೆಯನ್ನೂ ಸದಸ್ಯತ್ವಕ್ಕೆ ಬೇಕಾದ ದಾಖಲೆಗಳನ್ನೂ ಗ್ರಂಥಾಲಯದಲ್ಲಿ ವಿಚಾರಿಸಿಕೊಳ್ಳಬೇಕು. ಚಿಕ್ಕವರಿಗೆ ಮಕ್ಕಳ ವಿಭಾಗ ಬೇರೆಯೇ ಇದೆ. ಐದಾರು ಪುಸ್ತಕಗಳ ಹೆಸರನ್ನು ಕನ್ನಡದಲ್ಲಿಯೂ ರೋಮನ್ ಲಿಪಿಯಲ್ಲಿಯೂ ಬರೆದು ಒಯ್ಯುವುದು ಅವಶ್ಯ. ಒಂದು ಸಿಗದಿದ್ದರೆ ಇನ್ನೊಂದು ಸಿಕ್ಕೀತು. ಸಿಗದ ಹೊಸ ಪುಸ್ತಕಗಳ ಹೆಸರನ್ನು ನಮಗೆ ತಿಳಿಸಿದರೆ ಅವುಗಳ ಪ್ರಕಾಶಕರಿಗೆ ಸಂಘದ ಪರವಾಗಿ ಪತ್ರ ಬರೆದು, ಕಾಯಿದೆಯನ್ನು ವಿನಯದಿಂದ ನೆನಪಿಸುತ್ತೇವೆ.