ಕಾಗದದ ಮಾತು ಕ್ಯಾಮೆರಾದ ಮೌನವಾದಾಗ

ದೆಹಲಿಯಲ್ಲಿ ಸಂಸಾರ ಹೂಡಿ ಕಾದಂಬರಿ ಬರೆಯುತ್ತಿದ್ದ ರೂತ್ ಪ್ರಾವರ್ ಝಾಬ್‌ವಾಲಾ ಅವರಿಗೆ ಸಿನಿಮಾದ ಗೊಡವೆಯೇ ಬೇಕಿರಲಿಲ್ಲ. ಅವರ ‘ದಿ ಹೌಸ್‌ಹೋಲ್ಡರ್’ ಕಾದಂಬರಿಯನ್ನು ಸಿನಿಮಾ ಮಾಡಬೇಕೆಂದು ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್ ಫೋನ್ ಮಾಡಿದರೆ, ತಾನು ಅತ್ತೆ ಎಂದು ನಟಿಸಿ ತಪ್ಪಿಸಿಕೊಳ್ಳಲು ನೋಡಿದರಂತೆ. ಮರ್ಚೆಂಟ್ ಬಿಡುವ ಆಸಾಮಿಯಲ್ಲ. 1963ರಲ್ಲಿ ಚಿತ್ರ ಬಂತು. ನಿರ್ದೇಶಕ ಜೇಮ್ಸ್ ಐವರಿ, ನಾಯಕ ಶಶಿ ಕಪೂರ್. ರೂತ್, ಮರ್ಚೆಂಟ್, ಐವರಿ ಈ ಮೂವರ ಜೊತೆಗಾರಿಕೆ ಮುಂದೆ ನಾಲ್ಕು ದಶಕ ನಡೆಯಿತು.

ಜರ್ಮನಿಯ ಕಲೋನ್‌ನಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ಕುಟುಂಬದ ಹುಡುಗಿ ರೂತ್. ಮದುವೆಯಾಗಿ ಭಾರತಕ್ಕೆ ಬಂದರು, ಕೊನೆಗೆ ನ್ಯೂಯಾರ್ಕ್ ಸೇರಿದರು. ಎಲ್ಲಿದ್ದರೂ ಹೊರಗಿನವರಾಗಿ ನಿಂತು ನೋಡುವ ಆ ಕಣ್ಣು ಚಿತ್ರಕಥೆಗೆ ಬಹಳ ಒದಗಿತು ಎಂದು ನನಗನ್ನಿಸುತ್ತದೆ.

ಅವರ ಕಸುಬು ಏನೆಂದು ತಿಳಿಯಲು ಅವರೇ ಚಿತ್ರಕಥೆ ಬರೆದ ‘ಹೋವರ್ಡ್ಸ್ ಎಂಡ್’ ಚಿತ್ರದ ಮೊದಲ ನಿಮಿಷಗಳು ಸಾಕು. ಇ. ಎಂ. ಫಾರ್ಸ್ಟರ್ ಕಾದಂಬರಿ ಶುರುವಾಗುವುದು ಹೆಲೆನ್ ಎಂಬಾಕೆ ತನ್ನ ಅಕ್ಕನಿಗೆ ಬರೆದ ಪತ್ರಗಳಿಂದ. ಒದ್ದೆ ಹುಲ್ಲಿನ ಮೇಲೆ ಉದ್ದನೆಯ ಉಡುಪು ಎಳೆದುಕೊಂಡು ಓಡಾಡುವ ಮನೆಯೊಡತಿ ಮಿಸೆಸ್ ವಿಲ್ಕಾಕ್ಸ್ ಅಲ್ಲಿ ಬರುವುದು ಪತ್ರದ ನಡುವೆ, ಹಾದುಹೋಗುವ ವಿವರವಾಗಿ. ಚಿತ್ರದಲ್ಲಿ ಪತ್ರ ಹಿಂದೆ ಸರಿದಿದೆ, ಆ ವಿವರ ಮುಂದೆ ಬಂದಿದೆ. ಸಂಜೆಗತ್ತಲಲ್ಲಿ ಆಕೆ ತನ್ನದೇ ಮನೆಯ ಸುತ್ತ ಒಬ್ಬಳೇ ನಡೆಯುತ್ತಾಳೆ. ಬೆಳಕಿರುವ ಕಿಟಕಿಯೊಳಗೆ ಮನೆಮಂದಿ ಕಾಣುತ್ತಾರೆ. ಆಕೆಯ ಬಾಯಲ್ಲಿ ಒಂದು ಮಾತೂ ಇಲ್ಲ. ಕಥೆಯೆಲ್ಲ ಈ ಮನೆ ಯಾರಿಗೆ ಸೇರಬೇಕು ಎಂಬುದರ ಮೇಲೆಯೇ ನಿಂತಿರುವುದರಿಂದ, ಮನೆಯನ್ನು ನಿಜವಾಗಿ ಪ್ರೀತಿಸುವವಳು ಯಾರೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಾಗಬೇಕಿತ್ತು. ಕಾದಂಬರಿಗೆ ನಿಷ್ಠೆ ಎಂದರೆ ಹೀಗೆ: ಸಾಲು ಸಾಲಾಗಿ ನಕಲು ಮಾಡದೆ, ತೂಕ ಎಲ್ಲಿದೆಯೋ ಅಲ್ಲಿ ಕೈ ಇಡುವುದು.

ಸಿನಿಮಾದ ನಂಟು ಅವರ ಬರವಣಿಗೆಗೂ ಹರಿಯಿತು. ‘ಹೀಟ್ ಅಂಡ್ ಡಸ್ಟ್’ ಕಾದಂಬರಿಯಲ್ಲಿ 1923ರ ಕಥೆಯೂ ಐವತ್ತು ವರ್ಷಗಳ ನಂತರದ ಕಥೆಯೂ ಸಂಕಲನದ ಮೇಜಿನ ಮೇಲೆ ಕತ್ತರಿಸಿ ಜೋಡಿಸಿದಂತೆ ಹೆಣೆದುಕೊಂಡಿವೆ. 1975ರಲ್ಲಿ ಅದಕ್ಕೆ ಬೂಕರ್ ಬಂತು. ‘ಎ ರೂಮ್ ವಿತ್ ಎ ವ್ಯೂ’ ಮತ್ತು ‘ಹೋವರ್ಡ್ಸ್ ಎಂಡ್’ ಚಿತ್ರಕಥೆಗಳು ಒಂದೊಂದು ಆಸ್ಕರ್ ತಂದವು. ಬೂಕರ್, ಆಸ್ಕರ್ ಎರಡೂ ಪಡೆದ ಲೇಖಕಿ ಎಂದು ಹೆಸರಾದ ಮೇಲೂ ಅವರು ಕಥೆ, ಕಾದಂಬರಿ ಬರೆಯುವುದನ್ನು ಬಿಡಲಿಲ್ಲ. 2013ರಲ್ಲಿ ತೀರಿಕೊಂಡರು.

ಫಾರ್ಸ್ಟರ್‌ನ ‘ಹೋವರ್ಡ್ಸ್ ಎಂಡ್’ ಕಾದಂಬರಿಯ ಮೊದಲ ಅಧ್ಯಾಯ ಓದಿ, ಆಮೇಲೆ ಆ ಚಿತ್ರದ ಆರಂಭ ನೋಡಿ. ಕ್ರಮ ತಪ್ಪಿಸಬೇಡಿ.