ಸಡಿಲಗೊಂಡ ಕಂಪ್ರೆಸರ್: ಒಂದು ಬೋಲ್ಟಿನ ಬಲ

ಹಳೆಯ ಮಾರುತಿ ೮೦೦ ಕಾರಿನಲ್ಲಿ ಎ.ಸಿ. ಗುಂಡಿ ಒತ್ತಿದೊಡನೆ ಬಾನೆಟ್ಟಿನ ಕೆಳಗಿನಿಂದ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಕಂಪ್ರೆಸರಿನ ವಿದ್ಯುತ್ಕಾಂತ ಕ್ಲಚ್ಚಿನ ತಟ್ಟೆಯು, ತಿರುಗುತ್ತಿರುವ ಪುಲ್ಲಿಗೆ ಅಂಟಿಕೊಂಡ ಸದ್ದು ಅದು. ಅದು ಸಹಜ. ಆದರೆ ಆನಂತರವೂ 'ಕಟಕಟ' ಸದ್ದು ಮುಂದುವರಿದರೆ, ಬೆಲ್ಟ್ ಕಿರುಚಿದರೆ, ಕಂಪ್ರೆಸರ್ ತನ್ನ ಜಾಗದಲ್ಲಿ ಸಡಿಲವಾಗಿರಬಹುದು.

ಇದು ಏಕೆ ಸಡಿಲವಾಗುತ್ತದೆ?

ಕಂಪ್ರೆಸರನ್ನು ಬ್ರಾಕೆಟ್ ಎಂಬ ಲೋಹದ ಆಧಾರದ ಮೂಲಕ ಎಂಜಿನ್ನಿಗೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಈ ಕಾರಿನ ೭೯೬ ಸಿ.ಸಿ. ಎಂಜಿನ್ನಿಗೆ ಮೂರು ಸಿಲಿಂಡರ್. ಎರಡು ಸುತ್ತಿಗೆ ಮೂರು ಬಾರಿ ಇಂಧನ ಉರಿಯುತ್ತದೆ. ನಿಮಿಷಕ್ಕೆ ೨,೦೦೦ ಸುತ್ತು ಎಂದರೆ ಸೆಕೆಂಡಿಗೆ ೫೦ ಹೊಡೆತ, ಗಂಟೆಗೆ ೧,೮೦,೦೦೦! ಇದರ ಜೊತೆಗೆ ಬೆಲ್ಟಿನ ಎಳೆತ, ಕಂಪ್ರೆಸರಿನದೇ ಅದುರುವಿಕೆ.

ಬೋಲ್ಟನ್ನು ಬಿಗಿದಾಗ ಅದು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿ, ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಭಾಗಗಳು ಜಾರದಂತೆ ತಡೆಯುವುದು ಈ ಒತ್ತಡದಿಂದ ಹುಟ್ಟುವ ಘರ್ಷಣೆ. ಅಡ್ಡಡ್ಡಲಾಗಿ ಅದುರಿ ಭಾಗಗಳು ಜಾರತೊಡಗಿದರೆ ಬೋಲ್ಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ೧೯೬೯ರಲ್ಲಿ ವಿವರಿಸಿದರು. ಒಂದು ಬೋಲ್ಟ್ ಸಡಿಲಾದರೆ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಕೊನೆಗೆ ಬ್ರಾಕೆಟ್ ಬಿರುಕು ಬಿಡುತ್ತದೆ. ತುಂಡಾದ ಬೆಲ್ಟ್ ಪಕ್ಕದ ಬೆಲ್ಟಿಗೆ ಸುತ್ತಿಕೊಂಡರೆ ನೀರಿನ ಪಂಪು ನಿಂತು ಎಂಜಿನ್ ಕೆಡಬಹುದು.

ಪತ್ತೆ ಮಾಡುವುದು, ಸರಿಪಡಿಸುವುದು

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಬ್ಯಾಟರಿಯ ಋಣ ತುದಿಯನ್ನು ಕಳಚಿ. ಕಂಪ್ರೆಸರನ್ನು ಕೈಯಿಂದ ಹಿಡಿದು ಅಲುಗಾಡಿಸಿ ನೋಡಿ. ಬೋಲ್ಟಿನ ಸುತ್ತ ಹೊಳೆಯುವ ಗೀರು, ಕೆಂಪು ತುಕ್ಕಿನ ಪುಡಿ ಕಂಡರೆ ಅಲ್ಲಿ ಲೋಹ ಜಾರುತ್ತಿದೆ ಎಂದೇ ಅರ್ಥ.

ಮೊದಲು ಬೆಲ್ಟನ್ನು ಸಡಿಲಿಸಬೇಕು. ಬೋಲ್ಟುಗಳನ್ನು ತೆಗೆದು, ಥ್ರೆಡ್ ಶುಚಿ ಮಾಡಿ, ಸವೆದವುಗಳ ಬದಲು ಅದೇ ಅಳತೆಯ, ಅದೇ ದರ್ಜೆಯ ಹೊಸವನ್ನು ಹಾಕಬೇಕು. ಎಲ್ಲವನ್ನೂ ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ಉದ್ದನೆಯ ಸ್ಕೇಲ್ ಇಟ್ಟು ನೋಡಿ, ಆಮೇಲೆ ಟಾರ್ಕ್ ರೆಂಚಿನಿಂದ ಕಾರಿನ ಕೈಪಿಡಿ ಹೇಳುವಷ್ಟೇ ಬಿಗಿಯಬೇಕು. ಅತಿಯಾಗಿ ಬಿಗಿದರೆ ಬೋಲ್ಟ್ ಮುರಿಯಬಹುದು, ಅಲ್ಯೂಮಿನಿಯಂ ಭಾಗದ ಥ್ರೆಡ್ ಕಿತ್ತುಬರಬಹುದು. ಸ್ಪ್ರಿಂಗ್ ವಾಷರ್ ಒಂದನ್ನೇ ನಂಬುವುದು ಸಲ್ಲದು. ಬಿರುಕು ಬಿಟ್ಟ ಬ್ರಾಕೆಟ್ಟಿಗೆ ತಂತಿ ಸುತ್ತುವುದು, ಮರದ ತುಂಡು ಸಿಗಿಸುವುದು ಪರಿಹಾರವಲ್ಲ, ಅದನ್ನು ಬದಲಿಸಲೇಬೇಕು.

ಕೊನೆಗೆ ಬೆಲ್ಟಿನ ಬಿಗಿ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಕೈಪಿಡಿಯ ಅಳತೆಯೇ ಅಂತಿಮ. ಹೆಚ್ಚು ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ.

ಇದನ್ನು ಮಾಡಬೇಡಿ

ಕಂಪ್ರೆಸರಿನ ಕೊಳವೆಗಳನ್ನು ಎಂದೂ ಬಿಚ್ಚಬೇಡಿ. ಒಳಗಿರುವ ಅನಿಲ ಅಧಿಕ ಒತ್ತಡದಲ್ಲಿರುತ್ತದೆ. ಆರ್-೧೩೪ಎ ಎಂಬ ಅನಿಲವು ದ್ರವರೂಪದಲ್ಲಿ ಹೊರಚಿಮ್ಮಿದರೆ ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿಯುತ್ತದೆ. ಚರ್ಮ, ಕಣ್ಣು ಹೆಪ್ಪುಗಟ್ಟಿ ಗಾಯವಾಗುತ್ತದೆ. ಹಳೆಯ ಕಾರುಗಳಲ್ಲಿದ್ದ ಆರ್-೧೨ ಓಜೋನ್ ಪದರವನ್ನು ಸವೆಸುತ್ತಿದ್ದುದರಿಂದಲೇ ೧೯೮೭ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಆರ್-೧೩೪ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲವೇ. ಕೊಳವೆಯ ಕೆಲಸ ಬಂದರೆ ಅನಿಲವನ್ನು ಯಂತ್ರದಿಂದ ಹಿಡಿದಿಟ್ಟುಕೊಳ್ಳಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸಿ.

ಈಗ ನೀವೇ ಒಂದು ಕೆಲಸ ಮಾಡಿ. ನಿಮ್ಮ ಸೈಕಲ್ಲಿನ ಮಡ್‌ಗಾರ್ಡ್ ನಟ್ಟಿನ ಮೇಲೂ ಚೌಕಟ್ಟಿನ ಮೇಲೂ ಹಾಯುವಂತೆ ಬಣ್ಣದ ಒಂದು ಗೆರೆ ಎಳೆಯಿರಿ. ತಿಂಗಳ ನಂತರ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ತಿಳಿಯಿರಿ. ಕಾರ್ಖಾನೆಗಳಲ್ಲಿ ಬೋಲ್ಟುಗಳನ್ನು ಕಾಯುವುದೂ ಇದೇ ಉಪಾಯದಿಂದ.