ಎಣ್ಣೆ ಹೆಚ್ಚಾದರೆ ಹೊಗೆ: ಸ್ಪ್ರಿಂಗ್ ಪಿಸ್ತೂಲಿನ ಒಳಗುಟ್ಟು

ಜಾತ್ರೆಯ ಬಲೂನು ಅಂಗಡಿಯವನು ನಳಿಗೆಯನ್ನು ಕಟಕ್ಕನೆ ಮಡಿಸಿ, ಗುಂಡು ತುರುಕಿ ಕೈಗೆ ಕೊಡುವ ಏರ್‌ಗನ್ನನ್ನು ನೋಡದವರು ಕಡಿಮೆ. ಕೆಲವು ಸಾವಿರ ರೂಪಾಯಿಗೆ ಸಿಗುವ ಸ್ಪ್ರಿಂಗ್ ಏರ್ ಪಿಸ್ತೂಲಿನ ಒಳಗಿರುವುದೂ ಅದೇ ಯಂತ್ರ. ಕೊಂಡವರ ದೂರುಗಳೂ ಹೆಚ್ಚುಕಡಿಮೆ ಒಂದೇ: ಹೊಡೆದಾಗ ಡೊಂಯ್ ಎಂದು ಇಡೀ ಪಿಸ್ತೂಲು ಅದುರುತ್ತದೆ, ಟ್ರಿಗರ್ ಗಟ್ಟಿ, ಗುಂಡು ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ. ಇದಕ್ಕೆ ಮನೆಯಲ್ಲಿ ಮಾಡುವ ಮದ್ದೆಂದರೆ ಹೊಲಿಗೆ ಮಷೀನಿನ ಎಣ್ಣೆಯನ್ನು ಕಂಡ ಕಂಡ ತೂತಿಗೆಲ್ಲ ಬಿಡುವುದು. ಈ ಯಂತ್ರಕ್ಕೆ ಅದಕ್ಕಿಂತ ಕೆಟ್ಟ ಉಪಚಾರ ಬೇರೆ ಇಲ್ಲ.

ಹೆಸರಿನಲ್ಲಿ ಗಾಳಿ ಇದ್ದರೂ ಇದರೊಳಗೆ ತುಂಬಿಟ್ಟ ಗಾಳಿ ಇರುವುದಿಲ್ಲ. ಬೆಂಗಳೂರಿನ ದಿವ್ಯಾ ಟಿ.ಎಸ್. ಅವರಂಥ ಸ್ಪರ್ಧಿಗಳು 10 ಮೀಟರ್ ಪಂದ್ಯದಲ್ಲಿ ಹಿಡಿಯುವ ಪಿಸ್ತೂಲಿಗೆ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಪುಟ್ಟ ಸಿಲಿಂಡರ್ ಇರುತ್ತದೆ. ವಾಲ್ವ್ ಒಂದಿಷ್ಟೇ ಗಾಳಿಯನ್ನು ಅಳೆದು ಬಿಡುತ್ತದೆ, ಕೈಗೆ ಅದುರು ತಾಗುವುದೇ ಇಲ್ಲ ಎನ್ನಬಹುದು. ಅಗ್ಗದ ಪಿಸ್ತೂಲು ತನಗೆ ಬೇಕಾದ ಒತ್ತಡವನ್ನು ಪ್ರತಿ ಸಲವೂ ಆ ಕ್ಷಣದಲ್ಲೇ ಹುಟ್ಟಿಸಿಕೊಳ್ಳಬೇಕು. ನಳಿಗೆ ಮಡಿಸಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ; ಕಾಕ್ ಮಾಡುವುದೆಂದರೆ ಇದೇ. ಟ್ರಿಗರ್ ಎಳೆದೊಡನೆ ಪಿಸ್ಟನ್ ಮುಂದಕ್ಕೆ ಚಿಮ್ಮಿ ಎದುರಿನ ಗಾಳಿಯನ್ನು ಮೂಲೆಗೆ ಒತ್ತುತ್ತದೆ. ಗುಂಡು ತಕ್ಷಣ ಹೊರಡುವುದಿಲ್ಲ. ಪಿಸ್ಟನ್ ತನ್ನ ಓಟದ ಕೊನೆ ಮುಟ್ಟುವ ಹೊತ್ತಿಗೆ, ಒತ್ತಡ ತುದಿಗೇರಿದಾಗಷ್ಟೇ ಅದು ಕದಲುತ್ತದೆ. ಪಿಸ್ಟನ್ ಮುಂದೆ ಓಡುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಎಳೆದಾಟ ಮುಗಿಯುವಾಗಲೂ ಗುಂಡು ನಳಿಗೆಯೊಳಗೇ ಇರುತ್ತದೆ. ಇಷ್ಟೂ ಆಗಿಹೋಗುವುದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ. ಗುಂಡು ಅಡ್ಡಾದಿಡ್ಡಿ ಬೀಳುವುದಕ್ಕೆ ಗುರಿಕಾರನೊಬ್ಬನನ್ನೇ ದೂರುವಂತಿಲ್ಲ.

ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿ ತನ್ನ ಮಾಡೆಲ್ 65 ಪಿಸ್ತೂಲಿನಲ್ಲಿ ಈ ಒದೆತಕ್ಕೆ ಸೊಗಸಾದ ಉಪಾಯ ಕಂಡುಕೊಂಡಿತ್ತು. ಹೊಡೆದಾಗ ನಳಿಗೆ, ಸಿಲಿಂಡರ್ ಎಲ್ಲವೂ ಹಳಿಯ ಮೇಲೆ ಹಿಂದಕ್ಕೆ ಜಾರುತ್ತವೆ, ಹಿಡಿಕೆ ಮಾತ್ರ ಕದಲದೆ ಉಳಿಯುತ್ತದೆ. ಅಗ್ಗದ ಪಿಸ್ತೂಲಿನಲ್ಲಿ ಅಂಥದ್ದನ್ನು ನಿರೀಕ್ಷಿಸುವುದು ಅನ್ಯಾಯ. ಅಲ್ಲಿ ನಮ್ಮ ಕೈಯಲ್ಲಿರುವುದು ಉಜ್ಜಾಟ ಮತ್ತು ಅದುರಾಟವನ್ನು ತಗ್ಗಿಸುವುದಷ್ಟೇ.

ಇನ್ನು ಎಣ್ಣೆಯ ವಿಚಾರ. ಗಾಳಿಯನ್ನು ತಟ್ಟನೆ ಒತ್ತಿದರೆ ಶಾಖ ಹೊರಗೆ ಹೋಗಲು ಪುರುಸೊತ್ತು ಸಿಗುವುದಿಲ್ಲ, ಗಾಳಿಯೇ ಕಾಯುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಇಪ್ಪತ್ತನೇ ಒಂದು ಪಾಲಿಗೆ ಕುಗ್ಗಿಸಿದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ 700 ಡಿಗ್ರಿ ದಾಟುತ್ತದೆ. ಆಗ್ನೇಯ ಏಷ್ಯಾದ ಜನ ಬಿದಿರಿನ ಕೊಳವೆ, ಮರದ ಪಿಸ್ಟನ್ ಇಟ್ಟುಕೊಂಡು ಇದೇ ಉಪಾಯದಿಂದ ಬೆಂಕಿ ಹೊತ್ತಿಸುತ್ತಿದ್ದರು. ಡೀಸೆಲ್ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಓಡುವುದೂ ಹೀಗೆಯೇ. ಪಿಸ್ಟನ್ನಿನ ಮುಂದೆ ಸಾದಾ ಎಣ್ಣೆ ಕೂತಿದ್ದರೆ ಅದೂ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನ ಕಾರ್ಡ್ಯೂ ಎಂಬ ತಂದೆ–ಮಗ ಏರ್ ರೈಫಲೊಂದನ್ನು ನೈಟ್ರೋಜನ್ ಅನಿಲದಲ್ಲಿಟ್ಟು ಹಾರಿಸಿ ನೋಡಿದರು. ಆಮ್ಲಜನಕ ಸಿಗದೆ ಎಣ್ಣೆ ಉರಿಯಲಿಲ್ಲ, ಗುಂಡಿನ ವೇಗ ಇಳಿಯಿತು. ಅಂದರೆ ಮಾಮೂಲಿ ಹೊಡೆತದಲ್ಲೂ ಚೂರುಪಾರು ದಹನ ನಡೆಯುತ್ತಿರುತ್ತದೆ. ಅದು ಮಿತಿ ಮೀರಿದಾಗಲೇ ತೊಂದರೆ: ಪಟಾಕಿಯ ಸದ್ದು, ನಳಿಗೆಯ ತುದಿಯಲ್ಲಿ ನೀಲಿ ಹೊಗೆ. ಕೆಲವರಿಗೆ ಇದು ಪವರ್ ಹೆಚ್ಚಿದ ಸಂಭ್ರಮ. ಒಳಗೆ ಮಾತ್ರ ಪಿಸ್ಟನ್ ರಭಸದಿಂದ ಹಿಂದಕ್ಕೆ ಎಗರಿರುತ್ತದೆ, ಪಿಸ್ಟನ್ನಿನ ಮೂತಿಯ ಸೀಲ್ ಸುಟ್ಟಿರುತ್ತದೆ, ಸ್ಪ್ರಿಂಗ್ ಸೊಟ್ಟಗಾಗುವ ಹಾದಿಯಲ್ಲಿರುತ್ತದೆ.

ಬಿಚ್ಚುವ ಮನಸ್ಸಿದ್ದರೆ ಗುಂಡಿಲ್ಲವೆಂದು, ಕಾಕ್ ಆಗಿಲ್ಲವೆಂದು ಖಚಿತಪಡಿಸಿಕೊಂಡೇ ಕೈ ಹಾಕಬೇಕು. ವಿಶ್ರಾಂತಿಯಲ್ಲಿರುವಾಗಲೂ ಸ್ಪ್ರಿಂಗ್ ಒಂದಿಷ್ಟು ಅದುಮಿಕೊಂಡೇ ಇರುತ್ತದೆ. ಹಿಂಬದಿಯ ಪಿನ್ ತಟ್ಟಿ ತೆಗೆದರೆ ಬಿರಡೆ ಮುಖಕ್ಕೇ ಹಾರಬಹುದು. ಬಡಗಿಗಳು ಹಲಗೆ ಅಂಟಿಸಲು ಬಳಸುವ ಉದ್ದನೆಯ ಕ್ಲ್ಯಾಂಪಿನಲ್ಲಿ ಸಿಲಿಂಡರನ್ನು ಹಿಡಿದು, ಪಿನ್ ತೆಗೆದ ಮೇಲೆ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಬೇಕು. ಕನ್ನಡಕ ಕಡ್ಡಾಯ. ಕ್ಲ್ಯಾಂಪ್ ಇಲ್ಲದವರು ಬಿಚ್ಚುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಬಿಚ್ಚಿದಾಗ ಅಗ್ಗದ ಮಾಲಿನ ಬಣ್ಣ ಬಯಲಾಗುತ್ತದೆ. ಸಿಲಿಂಡರಿನ ಉದ್ದಕ್ಕೆ ಕೊರೆದ ಸೀಳಿನ ಅಂಚಿಗೆ ಹತ್ತಿಯ ಉಂಡೆ ಸವರಿ ನೋಡಿ. ಎಳೆಗಳು ಸಿಕ್ಕಿಕೊಂಡರೆ ಅಲ್ಲಿ ಲೋಹದ ಸಿಬಿರು ಇದೆ ಎಂದರ್ಥ. ಜೋಡಿಸುವಾಗ ಸೀಲನ್ನು ಗೀರುವುದು ಅದೇ. ನುಣುಪಾದ ಎಮರಿ ಕಾಗದದಿಂದ ಅಂಚನ್ನು ಮಾತ್ರ ಉಜ್ಜಿ, ಪುಡಿ ಉಳಿಯದಂತೆ ಒರೆಸಬೇಕು. ಸೀಮೆಎಣ್ಣೆಯಲ್ಲಿ ತೊಳೆದರೆ ಪೂರ್ತಿ ಒಣಗಿಸಬೇಕು, ಅದೂ ಇಂಧನವೇ ತಾನೆ. ಅದುಮಿದಾಗ ಸ್ಪ್ರಿಂಗ್ ಸ್ವಲ್ಪ ತಿರುಚಿಕೊಳ್ಳುವುದರಿಂದ ಅದರ ತುದಿ ಸಪಾಟಾಗಿ, ನುಣುಪಾಗಿ ಇರಬೇಕು. ತುದಿ ಕೂರುವಲ್ಲಿ ಒಂದು ತೆಳು ಉಕ್ಕಿನ ವಾಷರ್ ಹಾಕಿದರೂ ಕರಕರ ಸದ್ದು ತಗ್ಗುತ್ತದೆ.

ಗ್ರೀಸ್ ಹಚ್ಚುವುದರಲ್ಲಿ ಜಿಪುಣತನವೇ ಜಾಣತನ. ಪಿಸ್ಟನ್ನಿನ ಪಕ್ಕೆಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟಿನ ತೆಳು ಲೇಪ ಸಾಕು. ಈ ಕಪ್ಪು ಪುಡಿಯ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಸ್ಪ್ರಿಂಗಿಗೆ ಬೇಕಾದದ್ದು ಜಿಗುಟಾದ, ದಪ್ಪ ಗ್ರೀಸ್; ಡೊಂಯ್ ಎಂಬ ಅದುರನ್ನು ನುಂಗುವುದು ಅದು. ಅತಿಯಾಗಿ ಮೆತ್ತಿದರೆ ಪಿಸ್ಟನ್ನೇ ತಡವರಿಸುತ್ತದೆ. ಪಿಸ್ಟನ್ನಿನ ಮುಂಭಾಗಕ್ಕೆ ಏನನ್ನೂ ಹಚ್ಚಬೇಡಿ. ತೊಗಲಿನ ವಾಷರ್ ಇರುವ ಹಳೆಯ ಮಾದರಿಗಳಿಗೆ ಆಗಾಗ ಒಂದೆರಡು ಹನಿ ಎಣ್ಣೆ ಬೇಕಾಗುತ್ತದೆ, ಇಲ್ಲದಿದ್ದರೆ ತೊಗಲು ಒಣಗಿ ಸೆಟೆಯುತ್ತದೆ. ಈಗಿನ ಪ್ಲಾಸ್ಟಿಕ್ ಸೀಲಿಗೆ ಆ ಉಪಚಾರದ ಅಗತ್ಯವಿಲ್ಲ.

ಪಿಸ್ಟನ್ನನ್ನು ಹಿಡಿದಿಡುವ ಟ್ರಿಗರಿನ ಕೊಕ್ಕೆಗೆ ಅರ ಹಾಕುವ ಚಪಲವನ್ನು ಅದುಮಿಡಿ. ಕೊಕ್ಕೆ ತುಸು ಸವೆದರೂ ನಳಿಗೆ ಮುಚ್ಚುವಾಗಲೇ ಪಿಸ್ತೂಲು ಹಾರಬಹುದು, ಬೆರಳು ಜಜ್ಜಬಹುದು. ಹೆಚ್ಚು ಬಿರುಸಿನ ಸ್ಪ್ರಿಂಗ್ ಹಾಕುವುದೂ ಲಾಭದ ಕೆಲಸವಲ್ಲ. ಕಾಕ್ ಮಾಡಲು ರಟ್ಟೆ ಸೋಲುತ್ತದೆ, ಅದುರು ಏರುತ್ತದೆ, ವೇಗ ಮಾತ್ರ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಕಾನೂನೂ ಇದೆ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಅಥವಾ 4.5 ಮಿ.ಮೀ. ವ್ಯಾಸ ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಏರ್ ಪಿಸ್ತೂಲಿನ ಮಿತಿ ಸುಮಾರು 8 ಜೂಲ್. ಅರ್ಧ ಗ್ರಾಂ ಸೀಸದ ಗುಂಡನ್ನು ಸೆಕೆಂಡಿಗೆ 110 ಮೀಟರ್ ವೇಗದಲ್ಲಿ ಬಿಡುವ ಅಗ್ಗದ ಪಿಸ್ತೂಲಿನದು 3 ಜೂಲ್ ಮಾತ್ರ. ಕಣ್ಣು ಕಳೆಯಲು ಅಷ್ಟೇ ಧಾರಾಳವಾಗಿ ಸಾಕು.

ಬಿಚ್ಚದೆಯೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಳಿಗೆ ಮಡಚುವ ಸಂದಿಯ ಮೇಲೆ ಟಿಶ್ಯೂ ಕಾಗದದ ಚೂರಿಟ್ಟು, ಗುಂಡು ತುಂಬಿ, ಸುರಕ್ಷಿತ ಗುರಿಯತ್ತ ಹೊಡೆಯಿರಿ. ಚೂರು ಹಾರಿಹೋದರೆ ಗಾಳಿ ಅಲ್ಲೇ ಸೋರುತ್ತಿದೆ. ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ಉಂಗುರ ಬದಲಿಸಿದರೆ ಕೆಲಸ ಮುಗಿಯಿತು. ಗುಂಡಿಲ್ಲದೆ ಮಾತ್ರ ಎಂದೂ ಹೊಡೆಯಬೇಡಿ. ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ. ಇಷ್ಟೆಲ್ಲ ಮಾಡಿದರೂ ಅಗ್ಗದ ಪಿಸ್ತೂಲು ಪಂದ್ಯದ ಪಿಸ್ತೂಲಾಗುವುದಿಲ್ಲ. ಮಿಕ್ಕ ಹಣವಿದ್ದರೆ ಬಿರುಸು ಸ್ಪ್ರಿಂಗಿಗೆ ಸುರಿಯದೆ ಮೂರ್ನಾಲ್ಕು ಬಗೆಯ ಒಳ್ಳೆಯ ಪೆಲೆಟ್ ಡಬ್ಬಿ ಕೊಂಡು, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ಹೊಡೆದು ನೋಡಿ. ಗುರಿ ಸುಧಾರಿಸುವ ಅತ್ಯಂತ ಅಗ್ಗದ ದಾರಿ ಅದೇ.